ಗೋಡೆಯ ಮೇಲಿನ ಸುತ್ತಿಗೆ

ಅಪ್ಪಾ,

ನೀನು ತೀರಿಹೋದ ಮೇಲೆ ಇದು ಲಬಾಸಾದಲ್ಲಿ ಮೊದಲ ಕಬ್ಬಿನ ಹಂಗಾಮು. ಇವತ್ತು ಬೇರಿಂಗ್ ಒಡೆದು ಗಾಣ ನಿಂತಿತು. ಹೊಸ ಬೇರಿಂಗ್ ಬಿಗಿಯಾಗಿ ಶಾಫ್ಟಿಗೆ ಏರುತ್ತಿರಲಿಲ್ಲ. ಮೇಸ್ತ್ರಿ ಅಪಕುಕಿ ಗೋಡೆಯ ಮೇಲಿದ್ದ ನಿನ್ನ ಸುತ್ತಿಗೆಗೆ ಕೈ ಹಾಕಿದ.

"ಬೇಡ ಮಾಮಾ! ಹೀಗೇ ಬಡಿಯುವಾಗ ಅಪ್ಪನ ಕಣ್ಣಿಗೆ ಚೂರು ಸಿಡಿದದ್ದು ಮರೆತ್ರಾ? ಸುರಕ್ಷತೆ ಕರಪತ್ರದಲ್ಲಿ ಹೇಳಿದ ಹಾಗೆ ಬೇರಿಂಗನ್ನ ಎಣ್ಣೇಲಿ ಕಾಯಿಸೋಣ" ಎಂದೆ.

"ಲಾರಿಗಳು ಸಾಲುಗಟ್ಟಿ ನಿಂತಿವೆ, ನೀನು ಭಜಿ ಕರಿಯೋಕೆ ಹೊರಟಿದ್ದೀಯಾ, ಕರಪತ್ರ ಪಂಡಿತ?"

ಆದರೂ ಒಪ್ಪಿದ. ಎಣ್ಣೆ ಅತಿಯಾಗಿ ಕಾಯದಂತೆ ನೋಡಿಕೊಂಡೆ. ಹಿಗ್ಗಿದ ಬೇರಿಂಗ್ ಬಳೆಯಂತೆ ಸರಿಯಿತು. ಅದು ತಣಿದು ಕಚ್ಚುವವರೆಗೂ ದಪ್ಪ ಕೈಗವಸು ತೊಟ್ಟು ಒತ್ತಿ ಹಿಡಿದೆ.

ಸಂಜೆ ಎಲ್ಲರೂ ಕಾವಾ ಕುಡಿಯಲು ಕೂತಾಗ, ಹಿರಿಯರಿಗೆ ಸಲ್ಲುವ ಮೊದಲ ಚಿಪ್ಪನ್ನು ಅಪಕುಕಿ ನನಗೇ ಕೊಟ್ಟ. "ನಿಮ್ಮಪ್ಪ ನೋಡಬೇಕಿತ್ತು ಕಣೋ."

ಸುತ್ತಿಗೆಗಳನ್ನೆಲ್ಲ ಸಮುದ್ರಕ್ಕೆ ಎಸೀರಿ ಎಂದು ನಿನ್ನೆದುರು ಕೂಗುತ್ತಿದ್ದೆನಲ್ಲ, ನಿನ್ನದನ್ನು ಒರೆಸಿ ಅದೇ ಮೊಳೆಗೆ ತೂಗುಹಾಕಿ ಬಂದೆ.