ನಾಲ್ಕು ಸಾಲು, ಒಂದು ಸೈಕಲ್ಲು

ಮಮದಾಪುರ
18-2-2025, ಮಂಗಳವಾರ

ಪ್ರೀತಿಯ ಶಿವಾನಂದ,

ಇಲ್ಲಿ ಎಲ್ಲರೂ ಕ್ಷೇಮ. ಈ ಮಾತು ಅರ್ಧ ಸುಳ್ಳು, ಉಳಿದರ್ಧ ಕೆಳಗಿದೆ.

ತಿಂಗಳೊಪ್ಪತ್ತಿನಲ್ಲಿ ನೀನು ನಾಲ್ಕು ಸಲ ಫೋನು ಮಾಡಿದೆ. ಎರಡು ಸಲ ನಾನು ಎತ್ತಲಿಲ್ಲ. ಮೂರನೆಯ ಸಲ ಎತ್ತಿ, ಗ್ರಂಥಾಲಯದಲ್ಲಿ ತಪಾಸಣೆ ನಡೆದಿದೆ ಅಂದೆ. ನಮ್ಮ ಪಂಚಾಯಿತಿ ಗ್ರಂಥಾಲಯದಲ್ಲಿ ಇರುವುದು ಎರಡು ಕಪಾಟು ಮತ್ತು ನಾನು. ಯಾರು ಯಾರನ್ನು ತಪಾಸಣೆ ಮಾಡಬೇಕು? ನಾಲ್ಕನೆಯ ಸಲ ನೀನು ನೇರವಾಗಿ ಕೇಳಿದೆ: "ಬಾಳ್ಯಾ, ನಮ್ಮಪ್ಪ ಊರಾಗ ಯಾರ ಜೋಡಿಯರ ಜಗಳಾಡ್ಯಾನೇನೊ? ಮೊಣಕಾಲ ನೋವು ಅಂತ ಬಂದಾನ, ದವಾಖಾನಿಗೆ ನಡಿ ಅಂದ್ರ ಒಲ್ಲೆ ಅಂತಾನ." ನಾನು "ಏನಿಲ್ಲಪಾ, ವಯಸ್ಸಾತಲ್ಲ" ಅಂದುಬಿಟ್ಟೆ.

ಅದಕ್ಕೇ ಈ ಪತ್ರ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮತ್ತೆ ಅದೇ ಸುಳ್ಳು ಹೇಳುತ್ತೇನೆ. ಕಾಗದ ತಿರುಗಿ ಏನೂ ಕೇಳುವುದಿಲ್ಲ. ತಡವಾದದ್ದಕ್ಕೆ ಕ್ಷಮೆ ಕೇಳಬೇಕು, ಆದರೆ ಕ್ಷಮೆ ಎಂಬ ಶಬ್ದವನ್ನು ಇಲ್ಲೇ ಖರ್ಚು ಮಾಡಿಬಿಟ್ಟರೆ ಮುಂದೆ ಸಾಲುವುದಿಲ್ಲ.

ನಿಮ್ಮಪ್ಪನ ಮೊಣಕಾಲಿಗೆ ಏನೂ ಆಗಿಲ್ಲ ಶಿವೂ. ಪರಪ್ಪ ಕಾಕಾ ಊರು ಬಿಟ್ಟದ್ದು ನನ್ನಿಂದ. ನಿನಗೆ ಅವರು ಒಂದು ಮಾತೂ ಹೇಳಿಲ್ಲ ಎಂಬುದು ನಿನ್ನ ಪ್ರಶ್ನೆಯಿಂದಲೇ ಗೊತ್ತಾಯಿತು. ಹೇಳಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಜನವರಿ ಹತ್ತನೇ ತಾರೀಖು, ಶುಕ್ರವಾರ, ನನ್ನ ಸೈಕಲ್ಲು ಕಳುವಾಯಿತು. ಹೌದು, ಅದೇ ಸೈಕಲ್ಲು. ಗೋಕಾಕದ ಕಾಲೇಜಿಗೆ ನಾವಿಬ್ಬರೂ ಅದರ ಮೇಲೆ ಹೋಗುತ್ತಿದ್ದೆವಲ್ಲ, ಹೋಗುವಾಗ ನಾನು ತುಳಿಯುವುದು, ಬರುವಾಗ ನೀನು. ಹಿಂದೆ ಕೂತವನು ಒಂದು ಸಾಲು ಹೇಳಬೇಕು, ತುಳಿಯುವವನು ಪ್ರಾಸ ಕೂಡಿಸಬೇಕು. ಕೂಡಿಸದಿದ್ದರೆ ಮರುದಿನವೂ ಅವನೇ ತುಳಿಯಬೇಕು. ಬಿ.ಎ. ಮೂರು ವರ್ಷದಲ್ಲಿ ಛಂದಸ್ಸು ನನ್ನ ತಲೆಗೆ ಹತ್ತಲಿಲ್ಲ, ಪ್ರಾಸ ಮಾತ್ರ ಕಾಲಿಗೆ ಹತ್ತಿತು. ನೀನು ಹಿಂದೆ ಕೂತು ಬಾಗುತ್ತಿದ್ದ ಕ್ಯಾರಿಯರಿಗೆ ಕಾಕಾ ತಮ್ಮ ಸೈಕಲ್ ಅಂಗಡಿಯಲ್ಲೇ ಕಬ್ಬಿಣದ ಪಟ್ಟಿ ಬೆಸೆದು ಕೊಟ್ಟಿದ್ದರು. "ನೀವಿಬ್ಬರೂ ಪಾಸಾಗೂತನ ಇದು ಮುರಿಯೂದಿಲ್ಲ, ನೀವ ಲಗೂನ ಪಾಸಾಗ್ರಿ" ಅಂದಿದ್ದರು. ಇಪ್ಪತ್ತೈದು ವರ್ಷವಾದರೂ ಮುರಿದಿರಲಿಲ್ಲ.

ಮಧ್ಯಾಹ್ನ ಊಟ ಮಾಡಿ ಬಂದು ಗ್ರಂಥಾಲಯದ ಗೋಡೆಗೆ ಆನಿಸಿ ಇಟ್ಟಿದ್ದೆ, ಕೀಲಿ ಹಾಕಿರಲಿಲ್ಲ. ಕೀಲಿ ಕೆಟ್ಟು ಎರಡು ವರ್ಷ. ಕಾಕಾ ಪ್ರತಿ ಸಲ ಗಾಳಿ ಹಾಕುವಾಗ ಹೇಳುತ್ತಿದ್ದರು, "ಕೀಲಿ ಹಾಕಿಸ್ಕೊ ಬಾಳ್ಯಾ." ನಾನು, "ಯಾರು ಒಯ್ತಾರ ಕಾಕಾ, ಈ ಮುದುಕನ್ನ?" ಅನ್ನುತ್ತಿದ್ದೆ. ಸಂಜೆ ಹೊರಗೆ ಬಂದು ನೋಡಿದರೆ ಗೋಡೆಯ ಮೇಲೆ ಹ್ಯಾಂಡಲ್ಲು ತಿಕ್ಕಿದ ಗುರುತು ಇತ್ತು, ಹ್ಯಾಂಡಲ್ಲು ಇರಲಿಲ್ಲ.

ನಗಬೇಡ, ಮನೆಯ ಎಮ್ಮೆ ಸತ್ತಷ್ಟು ಸಂಕಟವಾಯಿತು. ಓಣಿ ಓಣಿ ಕೇಳಿದೆ. ಹಾಲಿನ ಡೇರಿಯ ಹತ್ತಿರ ಮನೆಯಿರುವ ಲಕ್ಕವ್ವ, "ಮುಂಜಾನೆ ಪರಪ್ಪಣ್ಣ ಒಂದ ಸೈಕಲ್ ದಬ್ಬಿಕೊಂತ ಹೊಂಟಿದ್ದನಲ್ಲೊ, ಹತ್ತಿದ್ದಿಲ್ಲ, ದಬ್ಬಾಕತ್ತಿದ್ದ" ಅಂದಳು. ಸೈಕಲ್ ಅಂಗಡಿಯವನು ಸೈಕಲ್ ದಬ್ಬದೆ ಎಮ್ಮೆ ದಬ್ಬಬೇಕೇ, ಎಂದು ನನ್ನ ಬುದ್ಧಿಗೆ ಹೊಳೆಯಲಿಲ್ಲ. ನನ್ನದು ಹೋದದ್ದು ಮಧ್ಯಾಹ್ನದ ಮೇಲೆ, ಅವಳು ನೋಡಿದ್ದು ಮುಂಜಾನೆ ಎಂಬುದೂ ಹೊಳೆಯಲಿಲ್ಲ. ಆ ಮಾತಿನ ಬಲದ ಮೇಲೆ ನಾಲ್ಕು ಸಾಲು ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ನಿನ್ನಿಂದ ಬಚ್ಚಿಡಲಾರೆ, ಇಗೋ:

ಗಾಳಿ ಹಾಕೋ ಪರಪ್ಪಾ,
ಗಾಡಿ ಎಲ್ಲಿ ತೋರಪ್ಪಾ!
ಟ್ಯೂಬಿಗಿಷ್ಟು ತ್ಯಾಪಿ ಹಚ್ಚಿ
ಸೈಕಲ್ ಎಲ್ಲಿಟ್ಟೆ ಮುಚ್ಚಿ?

ಮೂವತ್ತೆಂಟು ಜನ ನಗುವ ಮುಖ ಕಳಿಸಿದರು. ಇಷ್ಟು ವರ್ಷ ಗ್ರಂಥಾಲಯ ನಡೆಸಿದರೂ ಮೂವತ್ತೆಂಟು ಜನ ಒಟ್ಟಿಗೆ ನನ್ನಿಂದ ಏನನ್ನಾದರೂ ಓದಿದ್ದು ಅದೇ ಮೊದಲು. ನಾನು ಅವನ್ನು ಎರಡು ಸಲ ಎಣಿಸಿದೆ.

ಮರುದಿನ ಸಾಲಿ ಹುಡುಗರ ಬಾಯಲ್ಲಿ ಅದೇ. ಕಾಕಾ ಅಂಗಡಿಯ ಕಟ್ಟೆಯ ಮೇಲೆ ಕೂತು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು, ಮಕ್ಕಳು ಹಾಡುತ್ತ ಹಾದುಹೋದರು. ಕಾಕಾ ತಲೆ ಎತ್ತಲಿಲ್ಲ ಎಂದು ಮನೆಯಾಕೆ ಅನ್ನಪೂರ್ಣಾ ಬಂದು ಹೇಳಿದಳು.

ರವಿವಾರ ಬೀರಪ್ಪನ ಗುಡಿಯಲ್ಲಿ ನಾಲ್ಕು ಜನ ಸೇರಿದಾಗ ಮಾತು ಅಲ್ಲಿಗೇ ಬಂತು. ಹಿರಿಯ ಮಾಳಪ್ಪ ಒಳ್ಳೆಯ ಮನಸ್ಸಿನಿಂದಲೇ ಅರಿಶಿನದ ಭಂಡಾರದ ತಟ್ಟೆ ಮುಂದೆ ಮಾಡಿ, "ಏನಿಲ್ರಿ ಪರಪ್ಪಣ್ಣಾ, ಭಂಡಾರ ಮುಟ್ಟಿ ಒಂದ ಮಾತು ಹೇಳಿಬಿಡ್ರಿ, ಎಲ್ಲಾರ ಬಾಯಿ ಮುಚ್ಚತೈತಿ" ಅಂದ.

ಕಾಕಾ ಕೈ ಚಾಚಲಿಲ್ಲ. "ನಾ ಒಯ್ದಿಲ್ಲಪಾ. ಇದ ನನ್ನ ಮಾತು. ಮಾತಿನ ಮ್ಯಾಲ ಮತ್ತೊಂದು ಹೊದಿಕಿ ಯಾಕ? ಆಣಿ ಮಾಡೂ ರೂಢಿ ನಮ್ಮನ್ಯಾಗಿಲ್ಲ" ಅಂದರು.

"ಇಲ್ಲ ಅಂದ್ರ ಮುಟ್ಟಾಕ ಏನಾಗೇತಿ?" ಎಂದು ಹಿಂದಿನಿಂದ ಯಾರೋ ಅಂದರು. "ಕೈ ನಡಗತೈತೇನ ಮತ್ತ!" ಎಂದು ಇನ್ನೊಬ್ಬರು.

ನಿಮ್ಮ ಮನೆಯಲ್ಲಿ ಆಣೆ ಇಲ್ಲ ಎಂಬುದು ಆ ಗುಡಿಯಲ್ಲಿದ್ದವರಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ನೆನಪಿದೆಯಾ, ಪರೀಕ್ಷೆಯ ಫಲಿತಾಂಶದ ದಿನ ನೀನು "ದೇವರಾಣಿ ಪಾಸಾಗೇನಿ" ಅಂದದ್ದಕ್ಕೆ ಕಾಕಾ ಬೈದಿದ್ದರು: "ಪಾಸಾಗೇನಿ ಅನ್ನು, ಸಾಕು. ಆಣಿ ಹಾಕಿದ್ರ ಉಳಿದ ದಿನಾ ಸುಳ್ಳ ಹೇಳ್ತಿದ್ದಿ ಅಂದಂಗಾತು." ನಾನು ನಿಮ್ಮ ಪಡಸಾಲೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದೆ.

ಕಾಕಾ ನನ್ನ ಕಡೆ ತಿರುಗಿದರು. "ಬಾಳ್ಯಾ, ನೀ ಏನಂತಿ?"

ನಾನು ಏನಂದೆ ಗೊತ್ತೆ? "ಎಲ್ಲಾರೂ ಅನ್ನಾಕತ್ತಾರಲ್ರಿ ಕಾಕಾ. ಮುಟ್ಟಿಬಿಡ್ರಿ, ಮುಗೀತೈತಿ."

ಅವರು ಹೆಗಲ ಮೇಲಿನ ಟಾವೆಲ್ಲು ಸರಿಮಾಡಿಕೊಂಡು ಹೊರಗೆ ಹೋದರು. ಸೋಮವಾರ ಮುಂಜಾನೆಯ ಬಸ್ಸಿಗೆ ಚೀಲ ಹಿಡಿದು ನಿಂತಿದ್ದಾಗ ನಾನೇ ಎದುರಾದೆ. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. "ಪಂಪ್ ಕಟ್ಟಿ ಮ್ಯಾಲ ಇಟ್ಟೇನಿ, ಹುಡುಗೂರ ಗಾಳಿ ಹಾಕ್ಕೊಳ್ಳಿ" ಅಂದು ಬಸ್ಸು ಹತ್ತಿದರು.

ಆ ಮುಂಜಾನೆ ಅವರು ದಬ್ಬಿಕೊಂಡು ಹೋಗುತ್ತಿದ್ದದ್ದು ನಮ್ಮ ಓಣಿಯ ನೇತ್ರಾಳ ಸೈಕಲ್ಲು. ಆ ಹುಡುಗಿಗೆ ಅಂದು ಸಾಲಿಯಲ್ಲಿ ಪರೀಕ್ಷೆ. ತಡವಾಗಬಾರದೆಂದು ಪಂಕ್ಚರ್ ತೆಗೆದು ಮನೆಬಾಗಿಲಿಗೇ ಮುಟ್ಟಿಸಲು ಹೊರಟಿದ್ದರು. ಇದನ್ನು ಅವಳ ತಾಯಿ ಬಂದು ಹೇಳಿದಳು, ಬಸ್ಸು ಹೋದ ಎರಡು ದಿನಕ್ಕೆ.

ಜನವರಿ ಕೊನೆಯಲ್ಲಿ ಹುಕ್ಕೇರಿಯಿಂದ ಅನ್ನಪೂರ್ಣಾಳ ತಮ್ಮ ಈಶ್ವರ ಫೋನು ಮಾಡಿದ. "ಮಾವಾ, ನಿಮ್ಮ ಸೈಕಲ್ ಇಲ್ಲಿ ಕೊತಂಬರಿ ಮಾರಾಕತ್ತೈತಿ!" ಹೋಗಿ ನೋಡಿದೆ. ಚಾದಂಗಡಿಯ ಮುಂದೆ ನಿಂತಿತ್ತು, ಎರಡೂ ಕಡೆ ಬುಟ್ಟಿ, ಹಿಂದೆ ಕಾಕಾ ಬೆಸೆದ ಪಟ್ಟಿ. ಆ ಸೊಪ್ಪು ಮಾರುವ ಮನುಷ್ಯ ಪಾಪದವನು; ಗೋಕಾಕದ ಒಂದು ಗುಜರಿಯಲ್ಲಿ ಕೊಂಡಿದ್ದ. ಗುಜರಿಯವನಿಗೆ ಯಾರೋ ಇಬ್ಬರು ಟಂಟಂ ಗಾಡಿಯ ತುಂಬ ಹಳೆಯ ಸೈಕಲ್ಲುಗಳನ್ನು ಹೇರಿಕೊಂಡು ಬಂದು ಕೊಟ್ಟು ಹೋಗಿದ್ದರಂತೆ. ನಮ್ಮೂರಿಗೆ ಸಂಬಂಧವಿಲ್ಲದವರು. ಈಶ್ವರ ತನ್ನ ಮನೆಯಲ್ಲಿ ಬಿದ್ದಿದ್ದ ಸೈಕಲ್ಲನ್ನು ಸೊಪ್ಪಿನವನಿಗೆ ಕೊಟ್ಟು ನಮ್ಮದನ್ನು ಬಿಡಿಸಿದ.

ಆಮೇಲೆ ನಾನೇನು ಮಾಡಿದೆ? ಸೈಕಲ್ಲನ್ನು ಈಶ್ವರನ ಹಿತ್ತಲಲ್ಲೇ ಬಿಟ್ಟು ಬಸ್ಸಿನಲ್ಲಿ ಊರಿಗೆ ಬಂದೆ. ಎರಡು ವಾರ ಅಲ್ಲೇ ಇಟ್ಟೆ. ಅದು ಊರೊಳಗೆ ಉರುಳಿದರೆ "ಮತ್ತ ಪರಪ್ಪಣ್ಣ?" ಎಂದು ಯಾರಾದರೂ ಕೇಳುತ್ತಾರಲ್ಲ. ಕಳೆದುಕೊಂಡಾಗ ಓಣಿ ಓಣಿ ಕೂಗಿದವನು, ಸಿಕ್ಕಾಗ ಹೆಂಡತಿಗೂ ಹೇಳಲಿಲ್ಲ. ಅವಳಿಗೆ ತಮ್ಮನೇ ಹೇಳಿದ. ಅಂದು ತಾಟಿನ ಮುಂದೆ ಕೂತಿದ್ದೆ, ರೊಟ್ಟಿ ಬಡಿಸುತ್ತ ಕೇಳಿದಳು: "ಸೈಕಲ್ ಹ್ವಾದ್ರ ಹುಡಿಕಿದ್ರಿ, ಸಿಕ್ಕಿತು. ಈಗ ಮನಷ್ಯಾನ್ನ ಎಲ್ಲಿ ಹುಡುಕ್ತೀರಿ? ಇಲ್ಲಾ, ಅದಕ್ಕೂ ಒಂದ ಪದ್ಯಾ ಐತೋ?"

ಮೊನ್ನೆ ರವಿವಾರ ತಂದೆ. ಹಗಲಲ್ಲೇ, ಊರೊಳಗೆ ಎಲ್ಲರ ಮುಂದೆ, ದಬ್ಬಿಕೊಂಡೇ ಬಂದೆ, ಹತ್ತಲು ಮನಸ್ಸಾಗಲಿಲ್ಲ. ಗುಂಪಿನಲ್ಲಿ ಬರೆದೆ: ಸೈಕಲ್ಲು ಸಿಕ್ಕಿದೆ, ಕದ್ದವರು ಹೊರಗಿನವರು, ಪರಪ್ಪ ಕಾಕಾನ ತಪ್ಪಿಲ್ಲ, ತಪ್ಪು ಪೂರಾ ನನ್ನದು. ಪದ್ಯಕ್ಕೆ ಮೂವತ್ತೆಂಟು ನಗು ಬಂದಿತ್ತು, ಗದ್ಯಕ್ಕೆ ಒಂದು ಹೆಬ್ಬೆರಳು ಬಂತು. ಅದೂ ಮಾಳಪ್ಪನದು, ಅವನು ಎಲ್ಲದಕ್ಕೂ ಹೆಬ್ಬೆರಳು ಒತ್ತುತ್ತಾನೆ. ಗುಡಿಗೆ ಹೋಗಿ ಎದ್ದು ನಿಂತು ಹೇಳಿದೆ. "ಆತು ಬಿಡೊ, ಸೈಕಲ್ ಸಿಕ್ಕಿತಲ್ಲ" ಅಂದರು.

ಮಕ್ಕಳಿಗೆ ಹಾಡಬೇಡಿ ಅಂದೆ, ಬದಲಿಗೆ ಕಾಕಾನನ್ನು ಹೊಗಳಿ ಬೇರೆ ನಾಲ್ಕು ಸಾಲು ಬರೆದುಕೊಟ್ಟೆ. ಓದಿ ನೋಡಿ, "ಹಿಂದಿನದ ಚಲೋ ಐತ್ರಿ ಸರ" ಅಂದರು. ಕಾಕಾ ಇಟ್ಟುಹೋದ ಪಂಪು ಇನ್ನೂ ಕಟ್ಟೆಯ ಮೇಲಿದೆ. ಗಾಳಿ ಹಾಕುವಾಗ ಪಂಪು ಮೇಲೆ ಕೆಳಗೆ ಆಡುವ ಲಯಕ್ಕೆ ನನ್ನ ಹಳೆಯ ಸಾಲು ಸರಿಯಾಗಿ ಕೂಡುತ್ತದೆ. ಗ್ರಂಥಾಲಯದ ಕಿಟಕಿಯಿಂದ ದಿನಾಲು ಕೇಳುತ್ತೇನೆ.

ಬರುವ ರವಿವಾರ ಆ ಸೈಕಲ್ಲಿನ ಮೇಲೆಯೇ ಮೂಡಲಗಿಗೆ, ನಿನ್ನ ಮನೆಗೆ ಬರುತ್ತೇನೆ. ಕಾಕಾ ಊರಿಗೆ ತಿರುಗಿ ಬರಬೇಕು, ಅಂಗಡಿ ತೆಗೆಯಬೇಕು, ನನಗೆ ಬೇಕಾದದ್ದು ಅದೊಂದೇ. ಆದರೆ ಅದನ್ನು ಕೇಳುವ ಬಾಯಿ ನನಗಿದೆಯೋ ಇಲ್ಲವೋ ನೀನೇ ಹೇಳು. ಬರಬೇಡ ಅನ್ನುವುದಿದ್ದರೆ ಫೋನು ಮಾಡು, ಈ ಸಲ ಖಂಡಿತ ಎತ್ತುತ್ತೇನೆ. ಈ ಪತ್ರವನ್ನು ಕಾಕಾನಿಗೆ ಓದಿ ಹೇಳು. ನಾಲ್ಕು ಸಾಲು ಬಂದಾಗ ಬಿಟ್ಟು ಓದು. ಅವರಿಗೆ ಬಾಯಿಪಾಠ ಆಗಿರುತ್ತದೆ.

ಶೋಭಾ ವೈನಿಗೆ ನಮಸ್ಕಾರ. ಐಶ್ವರ್ಯಾಳಿಗೆ ಆಶೀರ್ವಾದ, ಚೆನ್ನಾಗಿ ಓದಲಿ, ನನ್ನಷ್ಟು ಓದುವುದು ಬೇಡ. ಕಾಕಾನ ಪಾದಕ್ಕೆ ನನ್ನ ಶಿರ ಮುಟ್ಟಿತೆಂದು ಹೇಳು.

ನಿನ್ನ,
ಬಾಳೇಶ

ತಾ.ಕ.: ಪತ್ರ ಮಡಚಿ ಅಂಟು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ಮೇಲೆ ಲಕ್ಕವ್ವನ ಮಾತು ಮೊದಲು, ಪದ್ಯ ಆಮೇಲೆ ಎಂಬಂತೆ ಬರೆದಿದ್ದೇನೆ. ಅದು ಹಾಗಲ್ಲ ಶಿವೂ. ಪದ್ಯ ಬರೆದದ್ದು ಶುಕ್ರವಾರ ಸಂಜೆ. ಲಕ್ಕವ್ವ ನನಗೆ ಹೇಳಿದ್ದು ಶನಿವಾರ, ಮಕ್ಕಳ ಬಾಯಲ್ಲಿ ಪದ್ಯ ಕೇಳಿದ ಮೇಲೆ. ಬರೆಯುವಾಗ ನನಗೆ ಕಾಕಾನ ಮೇಲೆ ಸಂಶಯವೇ ಇರಲಿಲ್ಲ. ಯಾರ ಮೇಲೂ ಇರಲಿಲ್ಲ. "ಗಾಡಿ ಎಲ್ಲಿ ತೋರಪ್ಪಾ" ಎಂಬ ಸಾಲು ಹೊಳೆದಿತ್ತು, ಅದಕ್ಕೆ ಪ್ರಾಸ ಕೂಡುವ ಒಂದು ಹೆಸರು ಬೇಕಾಗಿತ್ತು, ಅಷ್ಟೆ. ಸಂಶಯವನ್ನು ಆಮೇಲೆ ಹುಡುಕಿಕೊಂಡೆ. ಮೊದಲು "ಪರಪ್ಪ ಕಾಕಾ" ಎಂದೇ ಬರೆದಿದ್ದೆ. ಸಾಲು ಉದ್ದವಾಯಿತು. ಕಾಕಾ ತೆಗೆದೆ.