ದೇವಕ್ಕನ ಗಡಿಗೆಗೆ ತಾಗಿದ ಛತ್ತು

೧೨ ಜೂನ್ ೨೦೦೬, ಬೆಳಿಗ್ಗೆ ೯
ಶಟರ್ ತೆಗೆದೆ. ಮತ್ತೆ ನೀರು. ಮೇಲೆ ಹೈವೇ, ಕೆಳಗೆ ದಾಟಿ ಹೋಗುವ ಸುರಂಗದಾರಿ, ನಮ್ಮ ಭುಯಾರ — ಎಂಟು ಅಂಗಡಿ, ಎಂಟು ಕಡೆ ಸೋರಿಕೆ. ನನ್ನದು ಬ್ಯಾಗಿಗೆ ಜಿಪ್ ಹಾಕುವ ಅಂಗಡಿ. ಹೈವೇದ ಆಚೆಯಿಂದ ಕಿತ್ತೂರ ಪೇಟೆಗೆ ಬರುವವರೆಲ್ಲ ನನ್ನ ಮುಂದೆಯೇ ಹಾಯಬೇಕು.

ಭುಯಾರ ಹೊಸದು ಮಾಡುತ್ತಾರಂತೆ. ಹೈವೇ ಆಫೀಸಿನ ಸಾಹೇಬರು "ಬಳಕೆದಾರರ ತೃಪ್ತಿ" ಅನ್ನುವ ಫಾರ್ಮುಗಳನ್ನು ನನ್ನ ಕೈಗೆ ಕೊಟ್ಟು ಹೋದರು. ನನ್ನ ಅಕ್ಷರ ದುಂಡಗಿದೆಯಂತೆ! ಮೊದಲು ಸಿಕ್ಕವಳು ಮೊಸರಿನ ದೇವಕ್ಕ. ತಲೆಯ ಮೇಲೆ ಸಿಂಬಿ, ಬುಟ್ಟಿ, ಬುಟ್ಟಿಯಲ್ಲಿ ಒಂದರ ಮೇಲೊಂದು ಮೂರು ಗಡಿಗೆ.

"ಏನ ಸುಧಾರಣಾ ಆಗಬೇಕವಾ?"

"ಛತ್ತಿನ ನೀರು ಮೊಸರಾಗ ಬೀಳತೈತಿ ತಮ್ಮಾ. ಅದೊಂದು ನಿಂದರಿಸ್ರಿ ಅಂತ ಬರಿ. ಉಳದದ್ದು ಛಲೋ ಐತಿ."

ಬರೆದೆ. ಅಡಿಗೆರೆಯನ್ನೂ ಎಳೆದೆ.

೩ ಫೆಬ್ರುವರಿ ೨೦೦೭
ಏಳು ತಿಂಗಳು ಅಂಗಡಿ ಬಂದ್, ಡೈರಿಯೂ ಬಂದ್. ಜನ ಜೀವ ಕೈಯಲ್ಲಿ ಹಿಡಿದು ಮೇಲೆಯೇ ದಾಟಿದರು. ಇವತ್ತು ಓಪನಿಂಗ್. ಟೈಲ್ಸ್, ಟ್ಯೂಬ್‌ಲೈಟ್... ಒಂದು ಹನಿ ನೀರಿಲ್ಲ. ಹಳೆಯ ಛತ್ತಿನ ಕೆಳಗೆ ಇನ್ನೊಂದು ಛತ್ತು ಕಟ್ಟಿದ್ದಾರೆ. ಕೈ ಎತ್ತಿದರೆ ತಾಗುತ್ತದೆ. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ದೇವಕ್ಕ ಬಂದಳು. ಮೆಟ್ಟಿಲ ಬುಡದಲ್ಲೇ ಮೇಲಿನ ಗಡಿಗೆ ಠಕ್ಕೆಂದು ಛತ್ತಿಗೆ ಬಡಿಯಿತು. ಬಗ್ಗಿದರೆ ಮೊಸರು ಚೆಲ್ಲುತ್ತದೆ. ಅಂಥ ಬುಟ್ಟಿ ಇಳಿಸಲು ಇನ್ನೊಬ್ಬರು ಬೇಕು, ಮತ್ತೆ ಹೊರಿಸಲೂ ಬೇಕು.

"ನಾ ಅದೇನಿ, ಇಳಸತೇನಿ ಬಾ," ಅಂದೆ. ಇಳಿಸಿ, ಆ ತುದಿಗೆ ಒಯ್ದು ಹೊರಿಸಿದೆ.

"ನೀರಂತೂ ನಿಂತೈತಿ ನೋಡಪಾ," ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಆ ಸಾಲು ಬರೆದವನು ನಾನೇ.

೨೬ ಫೆಬ್ರುವರಿ
ದಿನಾ ಬುಟ್ಟಿ ಇಳಿಸಿ ಹೊರಿಸಿ ಬೆನ್ನು ಹಿಡಿದಿದೆ. ಉಳಿದ ಬುಟ್ಟಿಯವರೆಲ್ಲ ಹೈವೇ ಮೇಲೆಯೇ ದಾಟುತ್ತಾರೆ. ದೇವಕ್ಕ ಒಬ್ಬಳೇ ಇಳಿಯುತ್ತಾಳೆ, ನನ್ನ ಮಾತಿನ ಮೇಲೆ. ಛತ್ತಿನ ವಿಷಯ ಸಾಹೇಬರಿಗೆ ಹೇಳಿದೆ. "ಫಾರ್ಮಿನ್ಯಾಗ ನೀವ ಬರದೀರಲ್ರೀ," ಅಂದರು. ನಾಡಿದ್ದು ಇನ್‌ಸ್ಪೆಕ್ಷನ್. ಅಂಗಡಿ ಬಿಟ್ಟು ಎದ್ದವರ ಲೈಸನ್ಸ್ ಹೋಗುತ್ತದಂತೆ.

೨೮ ಫೆಬ್ರುವರಿ, ಸಂಜೆ
ಬರೆಯಲೇಬೇಕು. ಹತ್ತೂವರೆಗೆ ಸಾಹೇಬರು ನನ್ನ ಅಂಗಡಿಯ ಮುಂದೆ ನಿಂತಿದ್ದರು. ಮೆಟ್ಟಿಲ ಮೇಲಿಂದ ದೇವಕ್ಕನ ಕೂಗು — "ನಿಜಗುಣೀ, ಬಾರಪಾ!" ನಿಲ್ಲು ಎಂದು ಕೈಸನ್ನೆ ಮಾಡಿದೆ. ಎದ್ದು ಹೋಗಿ ಬರಲು ಎಷ್ಟು ಹೊತ್ತು? ಏಳಲಿಲ್ಲ. ನಿಂತಳು, ಬಹಳ ಹೊತ್ತೇ ನಿಂತಳು. ಎರಡನೇ ಸಲ ಕೂಗಲಿಲ್ಲ.

ಆಮೇಲೆ ಮೇಲೆ ಲಾರಿಯ ಬ್ರೇಕ್.

ರಸ್ತೆ ತುಂಬ ಮೊಸರು. ಆಸ್ಪತ್ರೆಗೆ ಒಯ್ಯುವ ಕೆಲಸವೂ ಉಳಿದಿರಲಿಲ್ಲ. ನಾನು ಹೇಡಿ.

೧೯ ಏಪ್ರಿಲ್
ಲೈಸನ್ಸ್ ಬಂತು. ಜೊತೆಗೆ ಹೊಸ ಫಾರ್ಮು, ಇನ್ನೂರು. ನೂರಾ ತೊಂಬತ್ನಾಲ್ಕು ತುಂಬಿವೆ. ಎಲ್ಲರೂ "ಪೂರ್ಣ ತೃಪ್ತಿ". ಯಾಕಾಗಬಾರದು? ಕೆಳಗೆ ಇಳಿದವರನ್ನಷ್ಟೇ ಕೇಳುತ್ತೇನೆ. ಮೇಲೆ ದಾಟುವವರನ್ನು ಕೇಳು ಎಂದು ಯಾರೂ ಹೇಳಿಲ್ಲ.

ಉಳಿದ ಆರನ್ನು ಹಿಡಿದು ಮೆಟ್ಟಿಲು ಹತ್ತಿದೆ. ದೇವಕ್ಕನ ಸೊಸೆ ತಂಗೆವ್ವ ಬುಟ್ಟಿ ಹೊತ್ತು ಲಾರಿಗಳ ಸಂದು ಕಾಯುತ್ತಿದ್ದಳು.

"ಕೆಳಗ ಬಾರವಾ, ನಾ ಇಳಸತೇನಿ."

ತಿರುಗಿ ನೋಡಲಿಲ್ಲ. ತಲೆಯ ಮೇಲೆ ಭಾರ ಇದ್ದವರು ತಿರುಗಿ ನೋಡುವುದಿಲ್ಲ.

"ನಮ್ಮ ಅತ್ತಿಗೂ ಹಂಗ ಅಂದಿದ್ರಿ, ಕಾಕಾ."

ದಾಟಿ ಹೋದಳು. ಕೆಳಗೆ ಬಂದು ಕೂತೆ. ಒಂದು ಫಾರ್ಮ್ ತೆಗೆದೆ. ಹೆಸರು — ದೇವಕ್ಕ. ವಯಸ್ಸು — ಅರವತ್ತೊಂದು. ಸೋರಿಕೆ ನಿಂತಿದೆಯೇ — ಹೌದು. ತೃಪ್ತಿ —