ನಮ್ಮತ್ತೆಯ ಗುಳಿಗೆಯೂ ಬಾಗಿಲಲ್ಲಿ ನಿಂತ ಗುರುಬಸಮ್ಮನೂ

ಸರ್ಕಾರಿ ಆಸ್ಪತ್ರೆಗಳ ಔಷಧಿ ವಿತರಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮವರು ಕಾಗದದ ಪೊಟ್ಟಣದಲ್ಲಿ ಸುತ್ತಿ ಕೊಟ್ಟ ಒಂದು ಗುಳಿಗೆಯಿಂದಾಗಿ ನಾನು ಗಂಡನ ಮನೆ ಬಿಟ್ಟು ಹೋಗುವುದರಲ್ಲಿದ್ದೆ. ಗುಳಿಗೆ ಕೆಟ್ಟದ್ದಲ್ಲ. ನಮ್ಮತ್ತೆಯ ಎದೆಯನ್ನು ಅದೇ ಕಾಪಾಡಿತು. ಅದು ಮೈಯೊಳಗೆ ಹೋಗಿ ಏನು ಮಾಡುತ್ತದೆಂಬ ಎರಡು ಮಾತನ್ನು ಯಾರೂ ಹೇಳಲಿಲ್ಲ, ಅದೇ ನನ್ನ ದೂರು. ಆಸ್ಪತ್ರೆ ಯಾವುದೆಂದು ಬರೆಯುವುದಿಲ್ಲ. ಓದಿದವರೆಲ್ಲ ತಮ್ಮೂರಿನದೇ ಎಂದುಕೊಂಡರೆ ಅದಕ್ಕೆ ನಾನು ಹೊಣೆಯಲ್ಲ.

ನಾನು ಹೊಸ ಮದುಮಗಳು ಸ್ವಾಮಿ. ಮದುವೆಯಾಗಿ ವರ್ಷ ತುಂಬಿಲ್ಲ. ಕಾನ್ವೆಂಟಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಕನಸು ಕಂಡು, ಕಳೆದ ವೈಶಾಖದಲ್ಲಿ ತೆಲಿಗಿಗೆ ಸೊಸೆಯಾಗಿ ಬಂದೆ. ನಮ್ಮವರು ಹರಪನಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಮೂಗಿನಲ್ಲೇ ಹಾಡುತ್ತಾರೆ. ಸಂಜೆ ಬಸ್ಸಿನ ಹಾರ್ನ್ ಕೇಳಿದರೆ ನಾನು ಒಲೆಯ ಮೇಲಿನ ಹಾಲನ್ನೂ ಮರೆಯುತ್ತೇನೆ. ಅಧಿಕಾರಿಗಳಿಗೆ ಬರೆಯುವ ಪತ್ರದಲ್ಲಿ ಇದೆಲ್ಲ ಬರಬಾರದು, ಗೊತ್ತು. ನಾನು ಕಳೆದುಕೊಳ್ಳಲಿದ್ದದ್ದು ಏನೆಂದು ನಿಮಗೂ ತಿಳಿಯಲಿ ಎಂದು ಬರೆದೆ.

ಅವರಿಗೆ ಇದು ಎರಡನೆಯ ಮದುವೆ. ಮೊದಲ ಹೆಂಡತಿ ಗುರುಬಸಮ್ಮ ಕಾಮಾಲೆಯಿಂದ ತೀರಿಕೊಂಡವಳು. ಅವಳು ನಮ್ಮತ್ತೆ ತಿಪ್ಪೇರುದ್ರಮ್ಮನವರ ತಮ್ಮನ ಮಗಳು, ಅವರ ಮಡಿಲಲ್ಲೇ ಬೆಳೆದವಳು. ಮದುವೆಯ ದಿನ ನನ್ನ ತಾಳಿಯ ಜೊತೆ ಸವತಿ ತಾಳಿಯನ್ನೂ ಕಟ್ಟಿದರು. ಸತ್ತವಳು ಮುನಿಯದಿರಲಿ ಎಂದು ಅವಳ ಹೆಸರಿನಲ್ಲಿ ಮಾಡಿಸಿದ ಚೂರು ಬಂಗಾರ ಅದು. ನನಗೆ ಬೇಸರವೇ ಆಗಲಿಲ್ಲ. ಅಂದಿನ ಸಂಭ್ರಮದಲ್ಲಿ ಇನ್ನೂ ನಾಲ್ಕು ಕಟ್ಟಿದ್ದರೂ ನಗುತ್ತಲೇ ಕೊರಳು ಕೊಡುತ್ತಿದ್ದೆ.

ಅದೇ ತಿಂಗಳು ಅತ್ತೆಗೆ ಎದೆ ಡವಡವ ಹೊಡೆದುಕೊಂಡು, ಕೈ ನಡುಗಿ, ನಿಮ್ಮ ಆಸ್ಪತ್ರೆಯಲ್ಲಿ ಗುಳಿಗೆ ಕೊಟ್ಟರು. ಎದೆ ಹಿಡಿತಕ್ಕೆ ಬಂತು. ಆದರೆ ಒಂದು ಬೆಳಿಗ್ಗೆ ಅತ್ತೆ ರೊಟ್ಟಿ ತಟ್ಟುತ್ತಿದ್ದ ನನ್ನ ಪಕ್ಕ ಬಂದು ಕುಳಿತರು.

"ರಾತ್ರಿ ಗುರುಬಸಿ ಬಂದಿದ್ಲವ್ವಾ. ತಲಿ ತೊಯ್ಸಿಕೊಂಡು ಬಾಗಲದಾಗ ನಿಂತಿದ್ಲು. ನಿನ್ನ ಸೀರಿ ಒಂದೊಂದ ಮುಟ್ಟಿ ನೋಡಿದ್ಲು."

ಮರುದಿನವೂ ಬಂದಳು. ಅದರ ಮರುದಿನ ಮಾತಾಡಿದಳು. "ಅತ್ತಿ, ನನ್ನ ಹಾಸಿಗಿ ಎಲ್ಲೈತಿ ಅಂದ್ಲು. ನಾ ಏನಂತ ಹೇಳ್ಲಿ?" ಎಂದು ಅತ್ತೆ ನನ್ನನ್ನೇ ಕೇಳಿದರು. ಆ ಹಾಸಿಗೆಯ ಮೇಲೆ ಈಗ ಮಲಗುವವಳು ನಾನು.

ಗುಳಿಗೆಯೂ ನಾನೂ ಒಂದೇ ತಿಂಗಳು ಮನೆಗೆ ಬಂದೆವು. ಅನುಮಾನ ಯಾರ ಮೇಲೆ ಬೀಳಬೇಕು, ನೀವೇ ಹೇಳಿ. ಚಿಕ್ಕಮಾವ ಕೊಟ್ರಬಸಪ್ಪನವರು ಜಗಲಿಯ ಮೇಲೆ ಕುಳಿತು ತೀರ್ಪು ಕೊಟ್ಟರು: "ಹೊಸಾಕಿ ಕಾಲಿಟ್ಟ ಮ್ಯಾಲೆ ಹಳೇಕಿ ಎದ್ದು ಬಂದಾಳ. ಈ ಹುಡುಗೀನ ತವರಿಗೆ ಕಳಸ್ರಿ. ಆ ಗುಳಿಗೀನೂ ಬಿಡಸ್ರಿ. ದೆವ್ವಕ್ಕ ಗುಳಿಗಿ ಎಲ್ಲಿ ಹತ್ತತಾವ?"

"ಚಿಕ್ಕಪ್ಪಾ, ಸ್ವಲ್ಪ ತಡೀರಿ" ಎಂದರು ನಮ್ಮವರು. ಆಮೇಲೆ ನನ್ನ ಕಡೆ ನೋಡದೆ, "ಸ್ವಲ್ಪ ದಿನ ಹೋಗಿ ಬಾ. ಅವ್ವನ ಮುಖ ನೋಡಾಕ ಆಗವಲ್ದು" ಎಂದರು. ಸ್ವಲ್ಪ ದಿನ ಎಂದರೆ ಎಷ್ಟು ಎಂದು ಗಣಿತದ ಮೇಷ್ಟ್ರು ಹೇಳಲಿಲ್ಲ.

ಅಷ್ಟು ಹೊತ್ತಿಗೆ ನನ್ನ ಧೈರ್ಯವೂ ಕರಗಿತ್ತು. ಬಾಗಿಲ ಬಳಿ ಸೀಗೆಕಾಯಿಯ ವಾಸನೆ ಬಂದಂತಾಗುತ್ತಿತ್ತು. ಸೀರೆಯ ಮಡಿಕೆ ಬೇರೆಯಾಗಿ ಕಂಡರೆ ಎಲ್ಲವನ್ನೂ ಬಿಚ್ಚಿ ಮತ್ತೆ ಮಡಿಸುತ್ತಿದ್ದೆ. ಕನ್ನಡಿಯ ಮುಂದೆ ನಿಂತು ಆ ಚೂರು ಬಂಗಾರವನ್ನು ಸೆರಗಿನಡಿ ಮುಚ್ಚಿಕೊಂಡು, "ಅಕ್ಕಾ, ನಾನು ಬೇಕೆಂದು ಬಂದವಳಲ್ಲ" ಎಂದು ಪಿಸುಗುಟ್ಟಿದ್ದೂ ಉಂಟು.

ತವರಿಗೆ ಹೊರಡುವ ಮುನ್ನ ಕೊನೆಯ ಸಲ ಎಂದು ಅತ್ತೆಯನ್ನು ಗುಳಿಗೆ ತರಲು ನಿಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದೆ. "ಡಾಕ್ಟ್ರೇ, ಸತ್ತ ಸೊಸಿ ದಿನಾ ಕನಸಿನ್ಯಾಗ ಬರ್ತಾಳ್ರಿ" ಎಂದರು ಅತ್ತೆ. ವೈದ್ಯರು ತಲೆ ಎತ್ತಲಿಲ್ಲ. "ದೇವರ ಹೆಸರು ಹೇಳಿ ಮಲಗ್ರಿ ಅಜ್ಜಿ. ಮುಂದಿನವರು ಬರ್ರಿ."

ಈ ಗುಳಿಗೆ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂದು ಆಗ ನಾನು ಇಂಗ್ಲಿಷಿನಲ್ಲಿ ಕೇಳಿದೆ.

ತಲೆ ಮೇಲೆದ್ದಿತು. ಕುರ್ಚಿ ಬಂತು. ಮುಗುಳ್ನಗೆಯೂ ಬಂತು. ಹೆದರಿದಾಗ ಮೈಯಲ್ಲಿ ಒಂದು ರಸ ಹರಿಯುತ್ತದಂತೆ. ಹೃದಯದಲ್ಲಿ ಅದಕ್ಕೆಂದೇ ರಿಸೆಪ್ಟರ್ ಎಂಬ ಸಣ್ಣ ಜಾಗಗಳಿವೆಯಂತೆ. ಈ ಗುಳಿಗೆ ಆ ಜಾಗವನ್ನು ಮೊದಲೇ ಹಿಡಿದು, ತಾನೇನೂ ಮಾಡದೆ, ಬಂದ ರಸಕ್ಕೂ ಜಾಗ ಕೊಡದೆ ಕೂರುತ್ತದಂತೆ. ಸೀನಿಗೆ ಕೊಡುವ ಔಷಧಿಯದೂ, ಹೊಟ್ಟೆಹುಣ್ಣಿನ ಹೊಸ ಗುಳಿಗೆಯದೂ ಇದೇ ಉಪಾಯವಂತೆ. ಆದರೆ ಅತ್ತೆಯ ಗುಳಿಗೆ ತಲೆಗೂ ಏರುವ ಜಾತಿಯದು. ಕೆಲವರಿಗೆ ಕಣ್ಣಿಗೆ ಕಟ್ಟುವಂಥ ಕನಸು ತರುತ್ತದೆ. ಎಲ್ಲರಿಗೂ ಗೊತ್ತಿರುವ ಸಂಗತಿ ಎಂದರು. ಯಾವ ಎಲ್ಲರಿಗೆ? ಅದೇ ಕುಲದ, ತಲೆಗೆ ಅಷ್ಟಾಗಿ ಏರದ ಇನ್ನೊಂದು ಗುಳಿಗೆ ಬರೆದುಕೊಟ್ಟರು. ಹಳೆಯದನ್ನು ಒಮ್ಮೆಲೇ ನಿಲ್ಲಿಸಿದ್ದರೆ ಎದೆಗೇ ಅಪಾಯವಿತ್ತು ಎಂದೂ ಹೇಳಿದರು. ಚಿಕ್ಕಮಾವನ ತೀರ್ಪು ಜಾರಿಯಾಗಿದ್ದರೆ ಅದಕ್ಕೂ ಗುರುಬಸಮ್ಮನೇ ಕಾರಣ ಎನ್ನುತ್ತಿದ್ದರು.

ಮಾನ್ಯರೇ, ಉತ್ತರ ಇಷ್ಟು ತಿಂಗಳೂ ಅದೇ ಮೇಜಿನ ಮೇಲಿತ್ತು. ಕನ್ನಡದಲ್ಲಿ ಕೇಳಿದ ಮುದುಕಿಗೆ ದೇವರ ಹೆಸರು, ಇಂಗ್ಲಿಷಿನಲ್ಲಿ ಕೇಳಿದ ಹುಡುಗಿಗೆ ವಿಜ್ಞಾನ! ಕೊರಳಲ್ಲಿ ಸವತಿ ತಾಳಿ ಇದ್ದು ಬಾಯಲ್ಲಿ ಇಂಗ್ಲಿಷ್ ಇಲ್ಲದ ಸೊಸೆಯ ಗತಿ ಏನು?

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆಗೆ ವಿವರಿಸಿದೆ. ಯಾರೋ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದಿದ್ದರು. "ನೋಡ್ರಿ ಅತ್ತಿ, ಗುಳಿಗಿ ಆ ಟವೆಲ್ ಇದ್ದಂಗ. ತಾನೂ ಊರಿಗೆ ಹೋಗಂಗಿಲ್ಲ, ಇನ್ನೊಬ್ಬರನ್ನೂ ಕೂಡಸಂಗಿಲ್ಲ. ತಲಿಗೇರಿದ್ರ ಕನಸು ತರತೈತಿ, ಅಷ್ಟ" ಎಂದೆ. ಅತ್ತೆ ಬಹಳ ಹೊತ್ತು ಆ ಟವೆಲನ್ನೇ ನೋಡಿದರು. "ಹಂಗಾರ ಆಕಿ ಸಿಟ್ಟಾಗಿ ಬಂದಿರಲಿಲ್ಲೇನು?" ಎಂದು ಕೇಳಿ ನನ್ನ ಕೈ ಹಿಡಿದುಕೊಂಡರು.

ತವರಿಗೆಂದು ತುಂಬಿದ್ದ ನನ್ನ ಟ್ರಂಕು ಅಟ್ಟಕ್ಕೇರಿತು. ನಮ್ಮವರು ಮತ್ತೆ ಮೂಗಿನಲ್ಲಿ ಹಾಡತೊಡಗಿದರು. ಹೊಸ ಗುಳಿಗೆ ಶುರುವಾಯಿತು, ಕನಸುಗಳು ಒಂದೊಂದಾಗಿ ತೆಳುವಾದವು, ನಿಂತವು. ಇಲ್ಲಿಗೆ ಮುಗಿದಿದ್ದರೆ ಇದು ಕೃತಜ್ಞತೆಯ ಪತ್ರವಾಗುತ್ತಿತ್ತು.

ಅತ್ತೆ ಈಗ ಬೆಳಿಗ್ಗೆ ಎದ್ದು ಬಾಗಿಲನ್ನೇ ನೋಡುತ್ತಾ ಕೂರುತ್ತಾರೆ. "ಇವತ್ತೂ ಬರಲಿಲ್ಲ" ಎನ್ನುತ್ತಾರೆ. ಮೊನ್ನೆ ನನ್ನನ್ನು ಕರೆದು ಮೆಲ್ಲಗೆ ಕೇಳಿದರು: "ಆ ಹಳೇ ಗುಳಿಗಿ ಒಂದೆರಡು ಉಳದಾವೇನು, ಯವ್ವಾ? ದಿನಾ ಬ್ಯಾಡ. ಒಂದ ಸಲ. ಆಕಿ ಹಾಸಿಗಿ ಕೇಳಿದ್ಲು, ನಾ ಬೈದು ಕಳಿಸಿಬಿಟ್ಟೆ."

ಇದು ಗುಳಿಗೆಯ ಕನಸು ಎಂದು ಮೊದಲ ದಿನವೇ ಯಾರಾದರೂ ಹೇಳಿದ್ದರೆ ನಮ್ಮತ್ತೆ ಹೆದರುತ್ತಿರಲಿಲ್ಲ. ಮಡಿಲಲ್ಲಿ ಬೆಳೆದ ಹುಡುಗಿಯನ್ನು ಒಳಗೆ ಕರೆದು, ತಲೆ ಒರೆಸಿ, ಮಾತಾಡಿಸಿ ಕಳಿಸುತ್ತಿದ್ದರು. ನಿಮ್ಮ ಮೌನ ಆಕೆಯನ್ನು ದೆವ್ವ ಮಾಡಿತು. ಕಾಮಾಲೆಯಿಂದ ಒಮ್ಮೆ ಸತ್ತವಳನ್ನು ನಾವೆಲ್ಲ ಸೇರಿ ಇನ್ನೊಮ್ಮೆ ಕಳಿಸಿಕೊಟ್ಟೆವು.

ಆದ್ದರಿಂದ ಆಜ್ಞೆ ಹೊರಡಿಸಿ: ಪ್ರತಿ ಗುಳಿಗೆಯ ಹೆಸರನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆಯಲಿ. ಓದಲು ಬಾರದವರಿಗೆ, ಅದು ಎಚ್ಚರದಲ್ಲೂ ನಿದ್ದೆಯಲ್ಲೂ ಏನು ಮಾಡಬಹುದೆಂದು ತಲೆ ಎತ್ತಿ ಹೇಳಲಿ. ಒಮ್ಮೆಲೇ ಬಿಡಬೇಡಿ ಎಂಬುದನ್ನೂ ಹೇಳಲಿ. ಜೊತೆಗೆ, ಒಂದೇ ಸಲ ಎಂದು ಕೇಳುವ ಮುದುಕಿಗೆ ನಾನೇನು ಉತ್ತರ ಕೊಡಲಿ ಎಂದು ನಿಮ್ಮ ಇಲಾಖೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದನ್ನೂ ತಿಳಿಸಿ. ಕನ್ನಡದಲ್ಲೇ ತಿಳಿಸಿ, ಅತ್ತೆಗೆ ಓದಿ ಹೇಳಬೇಕು.

ಇಂತಿ,
ತಾನು ಕಾಣದ ಅಕ್ಕನಿಗಾಗಿ ಈಗ ತಾನೂ ಬಾಗಿಲು ನೋಡುವ,
ತೆಲಿಗಿಯ ಎರಡು ತಾಳಿಯ ಸೊಸೆ